ಒಳಗಣ್ಣಿನ ಚಿತ್ರ: ಹೊಳಪು ಬೇರೆ, ಹಿಡಿತ ಬೇರೆ

ಕಣ್ಣು ಮುಚ್ಚಿ 'ದ' ಅಕ್ಷರವನ್ನು ನೆನೆಸಿಕೊಳ್ಳಿ. ಅದರ ಹೊಟ್ಟೆ ಸೀಳಿ 'ಧ' ಮಾಡಿ. ಈಗ ತಲೆಕೆಳಗಾಗಿಸಿ. ಸೀಳು ಎಲ್ಲಿ ಬಂತು? ತಲೆಕಟ್ಟು ಎಲ್ಲಿ ಹೋಯಿತು? ಚಿತ್ರ ಮಸುಕಾಗಿದ್ದರೂ ಉತ್ತರ ಸರಿ ಬಂದಿರಬಹುದು. ಚಿತ್ರ ಎಷ್ಟು ಹೊಳೆಯುತ್ತದೆ ಅನ್ನುವುದು ಒಂದು ವಿಷಯ, ಅದನ್ನು ಬೇಕಾದಂತೆ ತಿರುಗಿಸಬಲ್ಲೆವೇ ಅನ್ನುವುದು ಇನ್ನೊಂದು. ಎರಡನ್ನೂ ಒಂದೇ ಎಂದುಕೊಂಡರೆ, ಮನಸ್ಸಿನಲ್ಲಿ ಚಿತ್ರ ಕಾಣುವ ಅಭ್ಯಾಸ ದಾರಿ ತಪ್ಪುತ್ತದೆ.

ಹೊಳಪಿನ ಕಥೆ ಹಳೆಯದು. 1880ರಲ್ಲಿ ಇಂಗ್ಲಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್, ಬೆಳಗಿನ ಊಟದ ಮೇಜನ್ನು ನೆನೆಸಿಕೊಂಡು ವಿವರಿಸಿ ಎಂದು ಹಲವರನ್ನು ಕೇಳಿದ. ಕೆಲವರಿಗೆ ಅದು ಎದುರಿಗೇ ಇದ್ದಷ್ಟು ನಿಚ್ಚಳ, ಕೆಲವರಿಗೆ ಏನೂ ಇಲ್ಲ. ಹೀಗೆ ಏನೂ ಕಾಣದಿರುವುದಕ್ಕೆ 2015ರಲ್ಲಿ ನರರೋಗ ತಜ್ಞ ಆಡಮ್ ಝೀಮನ್ ಮತ್ತು ಸಂಗಡಿಗರು 'ಅಫ್ಯಾಂಟೇಸಿಯಾ' ಎಂದು ಹೆಸರಿಟ್ಟರು. ಅದು ರೋಗವಲ್ಲ, ಗಾಬರಿ ಬೇಡ.

ಅಭ್ಯಾಸದಿಂದ ಹೊಳಪು ಹೆಚ್ಚುತ್ತದೆಯೇ? 2012ರಲ್ಲಿ ರಾಡಮೇಕರ್ ಮತ್ತು ಪಿಯರ್ಸನ್ ಎಂಬ ಸಂಶೋಧಕರು ಪ್ರಯೋಗಾಲಯದಲ್ಲಿ ಕೆಲವು ದಿನ ಅಭ್ಯಾಸ ಮಾಡಿಸಿ ನೋಡಿದರು. ಚಿತ್ರದ ಬಲ ಹೆಚ್ಚಲಿಲ್ಲ. ತಮ್ಮ ಚಿತ್ರ ಎಷ್ಟು ಗಟ್ಟಿಯಾಗಿದೆ ಎಂದು ಅಂದಾಜಿಸುವುದರಲ್ಲಿ ಮಾತ್ರ ಜನ ಸುಧಾರಿಸಿದರು. ಹಾಗಾಗಿ 'ವಾರದಲ್ಲಿ ನಿಮಗೆ ಚಿತ್ರ ಸಿನಿಮಾದಂತೆ ಕಾಣುವ ಹಾಗೆ ಮಾಡುತ್ತೇವೆ' ಎನ್ನುವವರನ್ನು ನಾನಂತೂ ನಂಬುವುದಿಲ್ಲ. ಹಿಡಿತದ ವಿಷಯ ಹಾಗಲ್ಲ. ಮನೋವಿಜ್ಞಾನಿಗಳಾದ ಶೆಪರ್ಡ್ ಮತ್ತು ಮೆಟ್ಜ್ಲರ್ 1971ರಲ್ಲಿ ಎರಡೆರಡು ಘನಾಕೃತಿ ತೋರಿಸಿ 'ಎರಡೂ ಒಂದೇನಾ?' ಎಂದು ಕೇಳಿದಾಗ, ಒಂದು ಎಷ್ಟು ಹೆಚ್ಚು ತಿರುಗಿತ್ತೋ ಉತ್ತರಕ್ಕೂ ಅಷ್ಟು ಹೆಚ್ಚು ಹೊತ್ತು ಹಿಡಿಯಿತು. ಮನಸ್ಸಿನಲ್ಲಿ ಹೀಗೆ ತಿರುಗಿಸುವ ಕೆಲಸ ಅಭ್ಯಾಸದಿಂದ ಚುರುಕಾಗುತ್ತದೆ. ಶ್ರಮ ಹಾಕಬೇಕಾದದ್ದು ಇಲ್ಲಿ.

ಒಂದು ಬೀಗದ ಕೈ ತೆಗೆದುಕೊಳ್ಳಿ. ಹಲ್ಲು ಎಷ್ಟು, ಎಲ್ಲಕ್ಕಿಂತ ಆಳದ ಕಚ್ಚು ಯಾವುದು, ತೂತು ನಡುವೆ ಇದೆಯೋ ಪಕ್ಕಕ್ಕೆ ಸರಿದಿದೆಯೋ ನೋಡಿ. ಆಮೇಲೆ ಕಣ್ಣು ಮುಚ್ಚಿ ಅದೇ ಪ್ರಶ್ನೆಗಳನ್ನು ಕೇಳಿಕೊಳ್ಳಿ. ಉತ್ತರ ತಡವರಿಸಿದ ಜಾಗವನ್ನು ಮಾತ್ರ ಕಣ್ಣು ತೆರೆದು ಮತ್ತೆ ನೋಡಿ. ಬಹಳ ಸಲ ತಪ್ಪು ಒಳಗಣ್ಣಿನದಲ್ಲ. ಹೊರಗಣ್ಣು ಅಲ್ಲಿ ಸರಿಯಾಗಿ ನೋಡಿರುವುದೇ ಇಲ್ಲ. ಹತ್ತೊಂಬತ್ತನೇ ಶತಮಾನದ ಪ್ಯಾರಿಸ್‌ನಲ್ಲಿ ಲಕಾಕ್ ದ ಬ್ವಾಬೋದ್ರಾಂ ಚಿತ್ರಕಲೆ ಕಲಿಸಿದ್ದೂ ಸುಮಾರು ಹೀಗೆ: ಚೆನ್ನಾಗಿ ನೋಡು, ಬದಿಗಿಡು, ನೆನಪಿನಿಂದ ಬರೆ. ಶಿಲ್ಪಿ ರೊದೇನ್ ಅವನ ಶಿಷ್ಯ.

ಮುಂದೆ ಬೀಗದ ಕೈಯನ್ನು ಮನಸ್ಸಿನಲ್ಲೇ ಮಗುಚಿ, ಆಳದ ಕಚ್ಚು ಯಾವ ಕಡೆ ಬರುತ್ತದೆ ಹೇಳಿ. ಕೈಯಲ್ಲಿ ಮಗುಚಿ ತಾಳೆ ನೋಡಿ. (ರೆಪ್ಪೆಯೊಳಗಿನ ಕತ್ತಲೆಯನ್ನು ದಿಟ್ಟಿಸುತ್ತಾ ಕೂರಬೇಡಿ, ಚಿತ್ರ ಅಲ್ಲಿ ಮೂಡುವುದಲ್ಲ. ಕಣ್ಣು ತೆರೆದಿದ್ದರೂ ನಡೆಯುತ್ತದೆ.) ಚಿತ್ರವೇ ಬಾರದವರು ಬೆರಳು ಸರಿಸಿದ ನೆನಪಿನಿಂದಲೋ ಎಡ-ಬಲದ ಲೆಕ್ಕದಿಂದಲೋ ಉತ್ತರಿಸಲಿ, ಅದೂ ಸರಿಯೇ.

ಇದು ಸಲೀಸಾದ ಕೂಡಲೇ ಆಪ್ತರ ಮುಖಗಳಿಗೆ ಹಾರಬೇಡಿ. ಮುಖವನ್ನು ನಾವು ಬಿಡಿಬಿಡಿಯಾಗಿ ನೋಡಿ ಗುರುತಿಸುವುದಿಲ್ಲ, ಇಡಿಯಾಗಿ ಗುರುತಿಸುತ್ತೇವೆ. ಹಾಗಾಗಿ ಎಲ್ಲಿ ತಪ್ಪಿತು ಎಂದು ತಾಳೆ ನೋಡುವುದು ಕಷ್ಟ. ಕತ್ತರಿ, ಕುರ್ಚಿ, ಮೆಟ್ಟಿಲುಗಳು ಮೊದಲಾಗಲಿ.