ಅಡ್ಮಿನ್ ಪಾಸ್‌ವರ್ಡ್ ಮರೆತರೆ ಮೊದಲು ನೋಡಬೇಕಾದ್ದು

ವಿಂಡೋಸ್ ಕಂಪ್ಯೂಟರಿನ ಅಡ್ಮಿನ್ (ಎಲ್ಲ ಬದಲಾವಣೆ ಮಾಡುವ ಅಧಿಕಾರವಿರುವ ಖಾತೆ) ಪಾಸ್‌ವರ್ಡ್ ಮರೆತವರು ಕೇಳುವುದು ಒಂದೇ ಮಾತು: ಹೇಗಾದರೂ ಮಾಡಿ ಓಪನ್ ಮಾಡಿಕೊಡಿ. ಓಪನ್ ಮಾಡುವ ದಾರಿಗಳು ಹಲವು ಇವೆ. ಯಾವ ದಾರಿ ಹಿಡಿದಿರಿ ಎನ್ನುವುದರ ಮೇಲೆ ಒಳಗಿನ ಫೈಲುಗಳ ಗತಿ ನಿಂತಿದೆ.

ಮೊದಲು ಕೀಬೋರ್ಡ್ ನೋಡಿ. ವಿಂಡೋಸಿನದೇ ಕನ್ನಡ ಕೀಬೋರ್ಡ್ ಸೇರಿಸಿಕೊಂಡಿದ್ದರೆ ಲಾಗಿನ್ ಪರದೆಯಲ್ಲೂ ಅದೇ ಆಯ್ಕೆಯಾಗಿ ಕೂತಿರಬಹುದು. ಬಾಕ್ಸಿನಲ್ಲಿ ಬರೀ ಚುಕ್ಕೆ ಕಾಣುವುದರಿಂದ ಗೊತ್ತಾಗುವುದಿಲ್ಲ. ಕಣ್ಣಿನ ಗುರುತು ಒತ್ತಿದರೆ ಟೈಪಾಗಿದ್ದು ಕಾಣುತ್ತದೆ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬದಲಿಸಿ. ನುಡಿ, ಬರಹ ಟೈಪಿಂಗ್ ತಂತ್ರಾಂಶ ಬಳಸುವವರಿಗೆ ಈ ತೊಂದರೆಯಿಲ್ಲ, ಅವು ಶುರುವಾಗುವುದೇ ಲಾಗಿನ್ ಆದ ಮೇಲೆ. ಕ್ಯಾಪ್ಸ್ ಲಾಕ್, ನಮ್ ಲಾಕ್ ಕೂಡ ನೋಡಿ.

ಆಮೇಲೆ ಖಾತೆ ಯಾವುದೆಂದು ತಿಳಿಯಬೇಕು. ಇಮೇಲ್ ಕೊಟ್ಟು ಮಾಡಿದ ಮೈಕ್ರೋಸಾಫ್ಟ್ ಖಾತೆಯಾದರೆ ಮೊಬೈಲಿನಲ್ಲೇ ಹೊಸ ಪಾಸ್‌ವರ್ಡ್ ಇಟ್ಟುಕೊಳ್ಳಬಹುದು. ಇಲ್ಲಿ ಬಹಳ ಜನ ಎಡವುವುದು ನೆಟ್ ವಿಷಯದಲ್ಲಿ: ಕಂಪ್ಯೂಟರಿಗೆ ನೆಟ್ ಸಿಗುವ ತನಕ ಅದಕ್ಕೆ ಗೊತ್ತಿರುವುದು ಹಳೆಯ ಪಾಸ್‌ವರ್ಡ್ ಮಾತ್ರ. ಲಾಗಿನ್ ಪರದೆಯ ಬಲಗಡೆ ಕೆಳಗಿನ ಗುರುತಿನಿಂದ ಮೊದಲು ವೈಫೈಗೆ ಸೇರಿಸಿ.

ಇಮೇಲ್ ಇಲ್ಲದೆ ಆ ಕಂಪ್ಯೂಟರಿಗಷ್ಟೇ ಮಾಡಿದ ಲೋಕಲ್ ಖಾತೆಯಾದರೆ ಒಮ್ಮೆ ತಪ್ಪು ಪಾಸ್‌ವರ್ಡ್ ಹಾಕಿ. ಖಾತೆ ಮಾಡುವಾಗ ಮೂರು ಭದ್ರತಾ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದರೆ ಬಾಕ್ಸಿನ ಕೆಳಗೆ ‘ರೀಸೆಟ್ ಪಾಸ್‌ವರ್ಡ್’ ಬರುತ್ತದೆ. ಈ ಸೌಲಭ್ಯ ವಿಂಡೋಸ್ 10ರ 1803ನೇ ಆವೃತ್ತಿಯಿಂದ ಇದೆ.

ಅದೂ ಇಲ್ಲದಿದ್ದರೆ, ಅದೇ ಕಂಪ್ಯೂಟರಿನಲ್ಲಿ ಇನ್ನೊಬ್ಬರ ಅಡ್ಮಿನ್ ಖಾತೆ ಇದೆಯೇ ನೋಡಿ. ಅದರಿಂದ ಒಳಹೋಗಿ ಕಂಟ್ರೋಲ್ ಪ್ಯಾನೆಲ್‌ನ ಯೂಸರ್ ಅಕೌಂಟ್ಸ್‌ನಲ್ಲಿ ಮರೆತ ಲೋಕಲ್ ಖಾತೆಯ ಪಾಸ್‌ವರ್ಡ್ ಬದಲಿಸಬಹುದು. ಆಗ ಬರುವ ಎಚ್ಚರಿಕೆಯನ್ನು ಓದದೆ ಮುಂದೆ ಹೋಗಬೇಡಿ. ವಿಂಡೋಸ್ ಕೆಲವು ಗುಟ್ಟುಗಳನ್ನು ಆ ಖಾತೆಯ ಪಾಸ್‌ವರ್ಡಿನಿಂದಲೇ ಬೀಗ ಹಾಕಿಟ್ಟಿರುತ್ತದೆ. ಖಾತೆಯವರೇ ಹಳೆಯ ಪಾಸ್‌ವರ್ಡ್ ಕೊಟ್ಟು ಹೊಸದಿಟ್ಟರೆ ಬೀಗವೂ ಬದಲಾಗುತ್ತದೆ. ಬೇರೆಯವರು ಬದಲಿಸಿದರೆ ಬದಲಾಗುವುದಿಲ್ಲ. ಹಾಗಾಗಿ ಇಎಫ್‌ಎಸ್ (ಫೈಲುಗಳನ್ನು ಗೂಢಲಿಪಿಯಲ್ಲಿಡುವ ವಿಂಡೋಸಿನ ಸೌಲಭ್ಯ) ಹಾಕಿದ ಫೈಲುಗಳು ತೆರೆಯುವುದಿಲ್ಲ, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳೂ ಹೋಗುತ್ತವೆ. ಮುಂದೆ ಹಳೆಯ ಪಾಸ್‌ವರ್ಡ್ ನೆನಪಾದರೆ ಅದನ್ನೇ ಮತ್ತೆ ಇಡಿ, ಇಎಫ್‌ಎಸ್ ಫೈಲುಗಳು ತೆರೆಯುತ್ತವೆ.

ಪೆನ್‌ಡ್ರೈವಿನಿಂದ ಬೂಟ್ ಮಾಡಿ (ಕಂಪ್ಯೂಟರನ್ನು ಅದರಿಂದಲೇ ಶುರು ಮಾಡಿ) ಪಾಸ್‌ವರ್ಡ್ ಅಳಿಸುವ ಟೂಲುಗಳಿಂದಲೂ ಇದೇ ನಷ್ಟ. ಡ್ರೈವಿಗೆ ಬಿಟ್‌ಲಾಕರ್ (ಇಡೀ ಡ್ರೈವಿಗೆ ಹಾಕುವ ಗೂಢಲಿಪಿಯ ಬೀಗ) ಇದ್ದರೆ ಅವು ಕೆಲಸವನ್ನೇ ಮಾಡುವುದಿಲ್ಲ. ಪೆನ್‌ಡ್ರೈವ್ ಬೂಟ್ ಆಗಲೆಂದು ಸೆಕ್ಯೂರ್ ಬೂಟ್ (ನಂಬಿಕೆಯ ತಂತ್ರಾಂಶದಿಂದ ಮಾತ್ರ ಶುರುವಾಗಲು ಬಿಡುವ ಬಯೋಸ್ ಸೆಟ್ಟಿಂಗ್) ಆಫ್ ಮಾಡಿದರೆ ಮುಂದಿನ ಸಲ ನೀಲಿ ಪರದೆ ಬಂದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆರಾರು ಅಂಕಿಗಳ ಎಂಟು ಗುಂಪು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಹೊಸ ಲ್ಯಾಪ್‌ಟಾಪುಗಳಲ್ಲಿ ಈ ಬಿಟ್‌ಲಾಕರ್ ಬೀಗ ಎಷ್ಟೋ ಸಲ ತಾನಾಗಿಯೇ ಬಿದ್ದಿರುತ್ತದೆ, ಮಾಲೀಕರಿಗೆ ಗೊತ್ತೇ ಇರುವುದಿಲ್ಲ. ಕೀ ಆ ಖಾತೆಯಲ್ಲಿ ಸಿಗುತ್ತದೆ. ಅದನ್ನು ಬರೆದುಕೊಂಡ ಮೇಲೆಯೇ ಬಯೋಸ್ (ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್‌ಗಳು) ಮುಟ್ಟಿ.

ಎಲ್ಲವೂ ಅಳಿದರೂ ಚಿಂತೆಯಿಲ್ಲ ಎಂದಾದರೆ ಶಿಫ್ಟ್ ಹಿಡಿದು ರೀಸ್ಟಾರ್ಟ್ ಕೊಟ್ಟು, ಟ್ರಬಲ್‌ಶೂಟ್‌ಗೆ ಹೋಗಿ ‘ರೀಸೆಟ್ ದಿಸ್ ಪಿಸಿ’ ಆರಿಸಿ. ಬಿಟ್‌ಲಾಕರ್ ಇಲ್ಲದ ಡ್ರೈವಾದರೆ ಅದಕ್ಕೆ ಮೊದಲು ಉಬುಂಟು ಲೈವ್ ಪೆನ್‌ಡ್ರೈವಿನಿಂದ (ಇನ್‌ಸ್ಟಾಲ್ ಮಾಡದೆ ನಡೆಯುವ ಲಿನಕ್ಸ್) ಬೂಟ್ ಮಾಡಿ, ಸಿ ಡ್ರೈವಿನ ಯೂಸರ್ಸ್ ಫೋಲ್ಡರನ್ನು ಬೇರೆ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಫಾಸ್ಟ್ ಸ್ಟಾರ್ಟ್‌ಅಪ್ (ವಿಂಡೋಸ್ ಬೇಗ ಶುರುವಾಗಿಸುವ ಸೆಟ್ಟಿಂಗ್) ಇದ್ದರೆ ಡ್ರೈವ್ ರೀಡ್ ಓನ್ಲಿ, ಅಂದರೆ ಓದಲು ಮಾತ್ರ ಆಗುವಂತೆ, ತೆರೆಯಬಹುದು, ನಕಲಿಗೆ ಅಷ್ಟು ಸಾಕು. ಡಿ ಡ್ರೈವನ್ನೂ ಮರೆಯಬೇಡಿ.

ಪಾಸ್‌ವರ್ಡ್ ಇನ್ನೂ ನೆನಪಿರುವ ಲೋಕಲ್ ಖಾತೆಯವರು ಇವತ್ತೇ ಕಂಟ್ರೋಲ್ ಪ್ಯಾನೆಲ್‌ನಿಂದ ಪಾಸ್‌ವರ್ಡ್ ರೀಸೆಟ್ ಡಿಸ್ಕ್ ಮಾಡಿಕೊಳ್ಳಿ. ಪೆನ್‌ಡ್ರೈವಿನಲ್ಲಿ ಒಂದು ಚಿಕ್ಕ ಫೈಲ್ ಕೂರುತ್ತದೆ, ಅಷ್ಟೆ. ಪಾಸ್‌ವರ್ಡ್ ಆಮೇಲೆ ಎಷ್ಟು ಸಲ ಬದಲಿಸಿದರೂ ಅದು ನಡೆಯುತ್ತದೆ, ಮೇಲೆ ಹೇಳಿದ ಗುಟ್ಟುಗಳ ಬೀಗವೂ ಕೆಡುವುದಿಲ್ಲ. ಅದು ಕೈಗೆ ಸಿಕ್ಕ ಯಾರು ಬೇಕಾದರೂ ಆ ಖಾತೆಗೆ ಹೋಗಬಹುದು, ಕಂಪ್ಯೂಟರ್ ಟೇಬಲ್ಲಿನ ಡ್ರಾಯರಿನಲ್ಲಿ ಮಾತ್ರ ಇಡಬೇಡಿ.