ಕ್ಲಾಂಪ್ ತೆಗೆದ ಮೇಲಿನ ಹಾನಿ: ಈರುಳ್ಳಿಯ ಕ್ವೆರ್ಸೆಟಿನ್, ಅರಿಶಿನದ ಕರ್ಕ್ಯುಮಿನ್ ಕಿಡ್ನಿಯಲ್ಲಿ ಮಾಡುವುದೇನು?

ಕಸಿ, ಮಹಾಪಧಮನಿಯ ಶಸ್ತ್ರಚಿಕಿತ್ಸೆ, ಕಿಡ್ನಿಯ ಗಡ್ಡೆ ತೆಗೆಯುವುದು: ಮೂರರಲ್ಲೂ ರಕ್ತನಾಳಕ್ಕೆ ಕ್ಲಾಂಪ್ (ಅದುಮಿ ಹಿಡಿಯುವ ಇಕ್ಕಳ) ಬಿದ್ದು ಸ್ವಲ್ಪ ಹೊತ್ತು ಕಿಡ್ನಿಗೆ ರಕ್ತ ನಿಲ್ಲುತ್ತದೆ. ನಿಂತಾಗ ಒಂದು ಪೆಟ್ಟು (ಇಸ್ಕೀಮಿಯಾ), ಮರಳಿ ಹರಿದಾಗ ಇನ್ನೊಂದು (ರಿಪರ್ಫ್ಯೂಷನ್). ಹೃದಯ ಪಂಪ್ ಮಾಡುವ ರಕ್ತದ ಶೇ. 20–25ರಷ್ಟು ಕಿಡ್ನಿಗಳಿಗೇ ಬಂದರೂ ಮೆಡುಲ್ಲಾ (ಕಿಡ್ನಿಯ ಒಳಭಾಗ) ಮಾತ್ರ ಆಮ್ಲಜನಕಕ್ಕೆ ಸದಾ ಅರೆಹೊಟ್ಟೆ. ಹೊರ ಮೆಡುಲ್ಲಾದಲ್ಲಿರುವ ಪ್ರಾಕ್ಸಿಮಲ್ ನಾಳದ (ಸೋಸಿದ ದ್ರವ ಮೊದಲು ಹರಿಯುವ ನಾಳ) ಕೊನೆಯ ತುಂಡಾದ ಎಸ್3 ಭಾಗಕ್ಕೇ ಹೆಚ್ಚು ಏಟು. ಸ್ಲೈಡ್‌ನಲ್ಲಿ ಬರೀ ಕಾರ್ಟೆಕ್ಸ್ (ಹೊರಪದರ) ನೋಡಿದರೆ ಹಾನಿಯೇ ಇಲ್ಲವೆನಿಸೀತು.

ರ್‍ಯಾಡಿಕಲ್ (ಎರಡನೇ ಪೆಟ್ಟಿಗೆ ಕಾರಣವಾಗುವ, ಎದುರು ಸಿಕ್ಕಿದ್ದನ್ನು ಕೆಡಿಸುವ ಚುರುಕು ಅಣು) ಹುಟ್ಟುವ ಬಗೆ ಚುಟುಕಾಗಿ: ರಕ್ತ ನಿಂತಾಗ ಕೋಶದ ಶಕ್ತಿಯ ಅಣು ಎಟಿಪಿ ಕರಗಿ ಅದರ ಚೂರಾದ ಹೈಪೊಕ್ಸಾಂಥೀನ್ ಜಮೆಯಾಗುತ್ತದೆ, ಮೈಟೊಕಾಂಡ್ರಿಯಾದಲ್ಲಿ ಸಕ್ಸಿನೇಟ್ ಕೂಡ. ಆಮ್ಲಜನಕ ಮರಳಿದೊಡನೆ ಕ್ಸಾಂಥೀನ್ ಆಕ್ಸಿಡೇಸ್ ಮೊದಲನೆಯದನ್ನು ಉರಿಸುತ್ತದೆ. ಸಕ್ಸಿನೇಟ್‌ನ ಎಲೆಕ್ಟ್ರಾನ್‌ಗಳು ಮೈಟೊಕಾಂಡ್ರಿಯಾದ ಕಾಂಪ್ಲೆಕ್ಸ್ 1 ಎಂಬ ಎಂಜೈಮಿನೊಳಗೆ ಹಿಮ್ಮುಖವಾಗಿ ನುಗ್ಗುತ್ತವೆ. ಎರಡರಿಂದಲೂ ಸೂಪರ್‌ಆಕ್ಸೈಡ್. ಅದು ಹೈಡ್ರೋಜನ್ ಪೆರಾಕ್ಸೈಡ್ ಆಗಿ, ಬಿಡಿ ಕಬ್ಬಿಣ ಸಿಕ್ಕರೆ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಆಗುತ್ತದೆ.

ಎಡವುವ ಜಾಗ ಇಲ್ಲಿದೆ. ‘ಈರುಳ್ಳಿಯ ಕ್ವೆರ್ಸೆಟಿನ್ ಈ ರ್‍ಯಾಡಿಕಲ್‌ಗಳನ್ನು ಹೀರಿಕೊಳ್ಳುತ್ತದೆ’ ಎಂದು ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗಬಹುದು, ಲೆಕ್ಕ ಮಾತ್ರ ಕೂಡುವುದಿಲ್ಲ. ಕೋಶದೊಳಗೆ ಅದರದ್ದೇ ಆಂಟಿಆಕ್ಸಿಡೆಂಟ್ ಆದ ಗ್ಲುಟಾಥಯೋನ್ 1–10 ಮಿಲಿಮೋಲಾರ್ ಇರುತ್ತದೆ. 5 ಎಂದಿಟ್ಟುಕೊಳ್ಳಿ, ಅಂದರೆ 5,000 ಮೈಕ್ರೋಮೋಲಾರ್. ಬಾಯಿಂದ ತೆಗೆದುಕೊಂಡ ಕ್ವೆರ್ಸೆಟಿನ್ ರಕ್ತದಲ್ಲಿ ಒಂದೆರಡು ಮೈಕ್ರೋಮೋಲಾರ್ ಮುಟ್ಟಿದರೆ ದೊಡ್ಡದು, ಅದರಲ್ಲೂ ಬಹುಪಾಲು ಕರುಳು, ಯಕೃತ್ತಿನಲ್ಲಿ ಗ್ಲುಕ್ಯುರೊನೈಡ್, ಸಲ್ಫೇಟ್ ಅಂಟಿಸಿಕೊಂಡೇ ಬಂದಿರುತ್ತದೆ. ಇತ್ತ ಹೈಡ್ರಾಕ್ಸಿಲ್ ರ್‍ಯಾಡಿಕಲ್‌ಗೆ ಹುಡುಕುವ ವ್ಯವಧಾನವಿಲ್ಲ. ಹುಟ್ಟಿದ ಕೆಲವೇ ನ್ಯಾನೊಮೀಟರ್ ಒಳಗೆ ಎದುರು ಸಿಕ್ಕಿದ್ದನ್ನು ಕಚ್ಚುತ್ತದೆ. ಸಾವಿರಾರು ಜನರ ಜಾತ್ರೆಯಲ್ಲಿ ಅದು ಒಬ್ಬ ಕ್ವೆರ್ಸೆಟಿನ್‌ಗೇ ಡಿಕ್ಕಿ ಹೊಡೆಯಬೇಕೆಂದರೆ ಹೇಗೆ?

ಹಾಗಾದರೆ ಇಲಿಗಳಲ್ಲಿ ಕಾಣುವ ರಕ್ಷಣೆ? ಬಹುಮಟ್ಟಿಗೆ ಸುತ್ತುದಾರಿಯದು. ಕೀಪ್1 ಎಂಬ ಪ್ರೋಟೀನು ಎನ್‌ಆರ್‌ಎಫ್2 ಎಂಬ ಇನ್ನೊಂದು ಪ್ರೋಟೀನನ್ನು ಹಿಡಿದು ಚೂರಾಗಲು ಕಳಿಸುತ್ತಲೇ ಇರುತ್ತದೆ. ಬ್ರೊಕೊಲಿಯ ಸಲ್ಫೊರಾಫೇನ್ ಕೀಪ್1ರ 151ನೇ ಸಿಸ್ಟೀನ್‌ಗೆ ಅಂಟಿದರೆ ಆ ಹಿಡಿತ ತಪ್ಪುತ್ತದೆ. ಎನ್‌ಆರ್‌ಎಫ್2 ನ್ಯೂಕ್ಲಿಯಸ್‌ಗೆ ಹೋಗಿ ಹೀಮ್ ಆಕ್ಸಿಜನೇಸ್-1, ಗ್ಲುಟಾಥಯೋನ್ ತಯಾರಿಸುವ ಎಂಜೈಮು ಮುಂತಾದವುಗಳ ಜೀನ್‌ಗಳನ್ನು ಎಬ್ಬಿಸುತ್ತದೆ. ಕರ್ಕ್ಯುಮಿನ್ ಕೂಡ ಇದೇ ಬಾಗಿಲು ತಟ್ಟುತ್ತದೆ. ಅಂದರೆ ಅಣು ತಾನು ಬೆಂಕಿ ಆರಿಸುವುದಿಲ್ಲ, ಅಗ್ನಿಶಾಮಕದವರಿಗೆ ಫೋನ್ ಮಾಡುತ್ತದೆ. ಅವರು ಬರಲು ಗಂಟೆಗಳೇ ಬೇಕು. ಪ್ರಬಂಧಗಳಲ್ಲಿ ಕ್ಲಾಂಪ್‌ಗೆ ಮುಂಚೆಯೇ, ಕೆಲವೊಮ್ಮೆ ದಿನಗಟ್ಟಲೆ, ಡೋಸ್ ಕೊಡುವುದು ಇದಕ್ಕೇ. ದಿನಾಂಕ ನಿಗದಿಯಾದ ಶಸ್ತ್ರಚಿಕಿತ್ಸೆಗೆ ಅದು ಹೊಂದೀತು; ರಕ್ತಸ್ರಾವವಾಗಿ ಆಗಲೇ ಶಾಕ್‌ನಲ್ಲಿ ಬಂದವರಿಗಲ್ಲ.

ಇಲಿ ಪ್ರಯೋಗದ ಸಾಮಾನ್ಯ ಕ್ರಮ: ಎರಡೂ ಕಿಡ್ನಿಗಳ ರಕ್ತನಾಳಗಳಿಗೆ 30–45 ನಿಮಿಷ ಕ್ಲಾಂಪ್, 24 ಗಂಟೆ ರಿಪರ್ಫ್ಯೂಷನ್, ಆಮೇಲೆ ರಕ್ತದ ಕ್ರಿಯಾಟಿನಿನ್, ಯೂರಿಯಾ (ಕಿಡ್ನಿ ಸೋತರೆ ಏರುವ ವಸ್ತುಗಳು), ಊತಕಗಳ ಪರೀಕ್ಷೆ. ಕ್ಲಾಂಪ್ ಹಾಕಿದಾಗ ಕಿಡ್ನಿ ಕಡು ನೇರಳೆಗೆ ತಿರುಗಬೇಕು, ಬಿಟ್ಟಾಗ ಮತ್ತೆ ಕೆಂಪೇರಬೇಕು. ಏರದಿದ್ದರೆ ಆ ಇಲಿ ಲೆಕ್ಕಕ್ಕಿಲ್ಲ. ಮೈ ಬಿಸಿ 37 ಡಿಗ್ರಿಯಲ್ಲೇ ನಿಲ್ಲಬೇಕು. ಹೊಟ್ಟೆ ತೆರೆದಿಟ್ಟಾಗ ಒಂದೆರಡು ಡಿಗ್ರಿ ಇಳಿದರೂ ತಂಪೇ ಕಿಡ್ನಿಯನ್ನು ಕಾಯುತ್ತದೆ, ಹೆಸರು ಔಷಧಿಗೆ ಹೋಗುತ್ತದೆ. ಇನ್ನೊಂದು ಬಲೆ ದ್ರಾವಕದ್ದು. ಕ್ವೆರ್ಸೆಟಿನ್, ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲವೆಂದು ಡಿಎಂಎಸ್‌ಒ ಬಳಸುತ್ತಾರೆ. ಡಿಎಂಎಸ್‌ಒ ಸ್ವತಃ ಹೈಡ್ರಾಕ್ಸಿಲ್ ರ್‍ಯಾಡಿಕಲ್ ಹಿಡಿಯುವ ವಸ್ತು, ಅದೂ ಹೆಚ್ಚು ಪ್ರಮಾಣದಲ್ಲಿ! ಕಂಟ್ರೋಲ್ ಗುಂಪಿಗೆ ಬರೀ ಸಲೈನ್ ಕೊಟ್ಟಿದ್ದರೆ ಆ ಪ್ರಬಂಧದ ಫಲಿತಾಂಶವನ್ನು ಪೂರ್ತಿ ನಂಬಬೇಡಿ.

ಮನುಷ್ಯರ ಮಾತು ಬೇರೆ. ಕೆನಡಾದಲ್ಲಿ ಹೊಟ್ಟೆಯ ಮಹಾಪಧಮನಿಯ ಉಬ್ಬು ಸರಿಪಡಿಸಿಕೊಳ್ಳುವ 606 ರೋಗಿಗಳಲ್ಲಿ ಶಸ್ತ್ರಚಿಕಿತ್ಸೆಯ ಆಸುಪಾಸಿನ ದಿನಗಳಲ್ಲಿ ಕೆಲವರಿಗೆ ಕರ್ಕ್ಯುಮಿನ್, ಉಳಿದವರಿಗೆ ಹುಸಿಗುಳಿಗೆ ಕೊಟ್ಟು ನೋಡಿದರು. ಫಲಿತಾಂಶ ಬಂದದ್ದು 2018ರಲ್ಲಿ. ದಿಢೀರ್ ಕಿಡ್ನಿ ಹಾನಿ ಹುಸಿಗುಳಿಗೆಯವರಲ್ಲಿ ಶೇ. 10, ಕರ್ಕ್ಯುಮಿನ್ ನುಂಗಿದವರಲ್ಲಿ ಶೇ. 17.