ಪದ ಪರಿಚಯ: ಮಿನಿ-ಐಟಿಎಕ್ಸ್

ಟಿ.ವಿ.ಯ ಪಕ್ಕದಲ್ಲಿಟ್ಟು ಸಿನಿಮಾ, ಸಂಗೀತ ನಡೆಸುವುದಕ್ಕೆಂದು ಪುಟ್ಟ ಕಂಪ್ಯೂಟರೊಂದನ್ನು ತಾವೇ ಜೋಡಿಸಲು ಹೊರಟವರ ಕಣ್ಣಿಗೆ ಮತ್ತೆ ಮತ್ತೆ ಬೀಳುವ ಪದ ‘ಮಿನಿ-ಐಟಿಎಕ್ಸ್’. ಉದ್ದ, ಅಗಲ ಎರಡೂ 170 ಮಿ.ಮೀ. ಇರುವ ಚೌಕಾಕಾರದ ಮದರ್‌ಬೋರ್ಡಿಗೆ, ಎಂದರೆ ಪ್ರೊಸೆಸರ್ ಮೊದಲಾದ ಭಾಗಗಳನ್ನೆಲ್ಲ ಕೂರಿಸುವ ಮುಖ್ಯ ಹಲಗೆಗೆ, ಈ ಹೆಸರು. ತೈವಾನಿನ ವಿಯಾ ಟೆಕ್ನಾಲಜೀಸ್ ಕಂಪನಿ 2001ರಲ್ಲಿ ರೂಪಿಸಿದ ಈ ಅಳತೆಯನ್ನು ಮುಂದೆ ಉಳಿದ ತಯಾರಕರೂ ಒಪ್ಪಿಕೊಂಡರು. ಪೂರ್ಣ ಗಾತ್ರದ ಎಟಿಎಕ್ಸ್ ಬೋರ್ಡು 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ ಇರುತ್ತದೆ, ಅದರ ಐದರಲ್ಲಿ ಎರಡು ಪಾಲಿನಷ್ಟು ಜಾಗ ಇದಕ್ಕೆ ಸಾಕು. ಇದರ ನಾಲ್ಕು ಸ್ಕ್ರೂ ರಂಧ್ರಗಳು ಎಟಿಎಕ್ಸ್‌ನ ರಂಧ್ರಗಳಿಗೆ ಹೊಂದುವುದರಿಂದ, ಹಳೆಯ ದೊಡ್ಡ ಕ್ಯಾಬಿನೆಟ್ಟಿನೊಳಗೂ ಇದನ್ನು ಕೂರಿಸಬಹುದು.

ಹೆಸರು ಹೇಳುವುದು ಇಷ್ಟನ್ನೇ. ಬೋರ್ಡು ಎಷ್ಟು ವಿದ್ಯುತ್ ಬಳಸುತ್ತದೆ, ಎಷ್ಟು ಬಿಸಿಯಾಗುತ್ತದೆ ಎಂಬುದಕ್ಕೂ ಈ ಪದಕ್ಕೂ ಸಂಬಂಧವಿಲ್ಲ. ವಿಯಾದ ಮೊದಮೊದಲ ‘ಎಪಿಯಾ’ ಬೋರ್ಡುಗಳಲ್ಲಿ ಕೆಲವು ಫ್ಯಾನ್ ಇಲ್ಲದೆಯೇ ನಡೆಯುತ್ತಿದ್ದುದರಿಂದ ‘ಚಿಕ್ಕದು ಎಂದರೆ ತಣ್ಣಗಿನದು’ ಎಂಬ ಭಾವನೆ ಬೇರೂರಿರಬೇಕು. ಈಗ ಇದೇ ಅಳತೆಯಲ್ಲಿ 65 ವ್ಯಾಟ್ ಅಥವಾ ಅದಕ್ಕೂ ಹೆಚ್ಚಿನ ಪ್ರೊಸೆಸರ್ ಕೂರಿಸುವಂಥ, ಕಂಪ್ಯೂಟರ್ ಆಟ ಆಡುವವರಿಗೆಂದೇ ಮಾಡಿದ ಬೋರ್ಡುಗಳೂ ಬರುತ್ತವೆ; ಅವನ್ನು ಪುಟ್ಟ ಡಬ್ಬಿಯೊಳಗೆ ಮುಚ್ಚಿಟ್ಟರೆ ಸಿನಿಮಾದ ಮಾತಿಗಿಂತ ಫ್ಯಾನಿನ ಸದ್ದೇ ಜೋರಾದೀತು.

ಇಲ್ಲಿ ಜೊತೆಗೆ ತಿಳಿದಿರಬೇಕಾದ ಇನ್ನೊಂದು ಪದ ‘ಟಿಡಿಪಿ’. ಪ್ರೊಸೆಸರ್ ಹೊರಸೂಸುವ ಎಷ್ಟು ಶಾಖವನ್ನು ಹೊರಹಾಕುವಂತೆ ತಂಪು ವ್ಯವಸ್ಥೆಯನ್ನು ರೂಪಿಸಬೇಕು ಎಂಬುದನ್ನು ವ್ಯಾಟ್‌ಗಳಲ್ಲಿ ಸೂಚಿಸುವ ಅಂಕಿ ಇದು. ಇಡೀ ಕಂಪ್ಯೂಟರಿನ ವಿದ್ಯುತ್ ಬಳಕೆಯನ್ನು ಇದರಿಂದ ಅಳೆಯಲು ಹೋದರೆ ಮೋಸ ಹೋಗುತ್ತೇವೆ. ಇಂಟೆಲ್ 2008ರಲ್ಲಿ ತಂದ, ಆಟಮ್ 230 ಪ್ರೊಸೆಸರ್ ಇದ್ದ ಮಿನಿ-ಐಟಿಎಕ್ಸ್ ಬೋರ್ಡು ಇದಕ್ಕೆ ಒಳ್ಳೆಯ ನಿದರ್ಶನ. ಆ ಪ್ರೊಸೆಸರಿನ ಟಿಡಿಪಿ ಕೇವಲ 4 ವ್ಯಾಟ್. ಅದರ ನೆರವಿಗಿದ್ದ 945ಜಿಸಿ ಚಿಪ್‌ಸೆಟ್‌ನದು 22 ವ್ಯಾಟ್. ಹೀಗಾಗಿ ಪ್ರೊಸೆಸರಿನ ಮೇಲೆ ಬರಿಯ ಹೀಟ್‌ಸಿಂಕ್ (ಶಾಖ ಚದುರಿಸುವ ಲೋಹದ ತುಂಡು), ಚಿಪ್‌ಸೆಟ್‌ನ ಮೇಲೆ ಗಿರ್ರನೆ ತಿರುಗುವ ಪುಟ್ಟ ಫ್ಯಾನ್! ಮಿತವ್ಯಯಕ್ಕೆ ಹೆಸರಾದ ಭಾಗ ತೆಪ್ಪಗಿತ್ತು, ಗದ್ದಲವೆಲ್ಲ ಪಕ್ಕದ್ದರದು.

ಅದೇ ಬೋರ್ಡು ಕಲಿಸಿದ ಇನ್ನೊಂದು ಪಾಠ ಡಿಕೋಡರಿನದು. ಸಂಕುಚಿತ ರೂಪದಲ್ಲಿರುವ ವಿಡಿಯೊವನ್ನು ಬಿಡಿಸಿ ಚಿತ್ರವಾಗಿಸುವ ಕೆಲಸಕ್ಕೆ ಗ್ರಾಫಿಕ್ಸ್ ಭಾಗದಲ್ಲಿ ಪ್ರತ್ಯೇಕ ಸರ್ಕ್ಯೂಟ್ ಇದ್ದರೆ ಪ್ರೊಸೆಸರ್ ಆರಾಮವಾಗಿರುತ್ತದೆ. ಇಲ್ಲದಿದ್ದರೆ ಇಡೀ ಭಾರ ಅದರ ಮೇಲೆಯೇ ಬಿದ್ದು, ದುರ್ಬಲ ಪ್ರೊಸೆಸರ್ ಆಗಿದ್ದರೆ ಚಿತ್ರ ತಡೆತಡೆದು ಓಡುತ್ತದೆ. ಆಟಮ್ ಎಡವಿದ್ದು ಇಲ್ಲಿಯೇ. ಅದೇ ಆಟಮ್‌ಗೆ ಎನ್‌ವಿಡಿಯಾದ ‘ಅಯಾನ್’ ಗ್ರಾಫಿಕ್ಸ್ ಜೊತೆಯಾದಾಗ ಹೈ ಡೆಫಿನಿಷನ್ ವಿಡಿಯೊ ಸಲೀಸಾಗಿ ನಡೆಯಿತು. ಇಂದಿನ ಇಂಟೆಲ್ ಎನ್100 ಪ್ರೊಸೆಸರಿನ ಟಿಡಿಪಿ 6 ವ್ಯಾಟ್ ಆದರೂ ಎಚ್‌.264, 10 ಬಿಟ್‌ನ ಎಚ್‌ಇವಿಸಿ, ವಿಪಿ9, ಎವಿ1 ಎಂಬ ವಿಡಿಯೊ ಸಂಕುಚನ ವಿಧಾನಗಳಷ್ಟನ್ನೂ ಬಿಡಿಸುವ ಸರ್ಕ್ಯೂಟ್ ಅದರೊಳಗೇ ಇದೆ. ಆದ್ದರಿಂದ ಕೊಳ್ಳುವ ಮುನ್ನ ಗಿಗಾಹರ್ಟ್ಸ್‌ಗಿಂತ ಮೊದಲು ಈ ಪಟ್ಟಿಯನ್ನು ನೋಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಇಂಥ ಪ್ರೊಸೆಸರನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಮುಂದೆ ಬದಲಿಸಲಾಗದು ಎಂಬುದೂ ನೆನಪಿರಲಿ.

ಟಿ.ವಿ.ಗೆ ಜೋಡಿಸುವ ಎಚ್‌ಡಿಎಂಐ ಪೋರ್ಟಿನ ಆವೃತ್ತಿಯನ್ನೂ ಒಮ್ಮೆ ನೋಡಬೇಕು: 1.4 ಆದರೆ 4ಕೆ ಚಿತ್ರ ಸೆಕೆಂಡಿಗೆ 30 ಫ್ರೇಮಿಗೆ ನಿಲ್ಲುತ್ತದೆ, 60 ಫ್ರೇಮಿಗೆ 2.0 ಬೇಕು.

ಇನ್ನು ವಿದ್ಯುತ್ ಪೂರೈಕೆ. ಹದಿನೈದು ವ್ಯಾಟ್ ಎಳೆಯುವ ಬೋರ್ಡಿಗೆ 500 ವ್ಯಾಟ್‌ನ ಎಸ್‌ಎಂಪಿಎಸ್ (ಕ್ಯಾಬಿನೆಟ್ಟಿನೊಳಗಿನ ವಿದ್ಯುತ್ ಪೂರೈಕೆ ಘಟಕ) ಜೋಡಿಸಿದರೆ, ಅಷ್ಟು ಕಡಿಮೆ ಹೊರೆಯಲ್ಲಿ ಅದರ ದಕ್ಷತೆ ಕುಸಿದು, ಉಳಿಸಿದ್ದರಲ್ಲಿ ಒಂದಿಷ್ಟು ಶಾಖವಾಗಿ ಪೋಲಾಗುತ್ತದೆ. ಹಗಲಿರುಳು ನಡೆಯುವ ಯಂತ್ರದಲ್ಲಿ 10 ವ್ಯಾಟ್ ಪೋಲಾದರೆ ವರ್ಷಕ್ಕೆ ಸುಮಾರು 88 ಯೂನಿಟ್ ಆಯಿತು. ‘ಥಿನ್ ಮಿನಿ-ಐಟಿಎಕ್ಸ್’ ಎಂಬ ತೆಳು ಬಗೆಯ ಬೋರ್ಡುಗಳಲ್ಲಿ ಲ್ಯಾಪ್‌ಟಾಪಿನಂತೆ 19 ವೋಲ್ಟ್‌ನ ಅಡಾಪ್ಟರನ್ನು ನೇರವಾಗಿ ಸಿಕ್ಕಿಸುವ ಕಿಂಡಿಯೇ ಇರುತ್ತದೆ. ಅಂಥದ್ದನ್ನು ಆರಿಸಿದರೆ ಕ್ಯಾಬಿನೆಟ್ಟಿನಲ್ಲಿ ಎಸ್‌ಎಂಪಿಎಸ್‌ಗೂ ಅದರ ಫ್ಯಾನಿಗೂ ಜಾಗ ಹುಡುಕಬೇಕಾಗಿಲ್ಲ.